ಕ್ರಿಮಿನಲ್ ಕಾನೂನಿನ ಪದಕ್ಕೆ ಅರ್ಥ ಎಲ್ಲಿ ನೋಡಬೇಕು? ಕಾಯ್ದೆ, ಅನುವಾದ, ತೀರ್ಪು, ವ್ಯಾಖ್ಯಾನ ಗ್ರಂಥಗಳ ಹೋಲಿಕೆ

ಪೊಲೀಸ್ ನೋಟಿಸೋ ಎಫ್‌ಐಆರ್ ಪ್ರತಿಯೋ ಕೈಗೆ ಬಂದವರು, ಕಾನೂನು ಪದವಿಗೆ ಓದುತ್ತಿರುವವರು, ನ್ಯಾಯಾಲಯದ ಸುದ್ದಿ ಬರೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ‘ಅಪ್ರಾಮಾಣಿಕವಾಗಿ’, ‘ಸದ್ಭಾವನೆಯಿಂದ’, ‘ತೀವ್ರ ಗಾಯ’, ‘ಚರ ಸ್ವತ್ತು’ ಎಂಬಂಥ ಪದ ಎದುರಾದಾಗ ಅದರ ಅರ್ಥವನ್ನು ಎಲ್ಲಿ ನೋಡಬೇಕು? ಕಾಯ್ದೆಯ ಮೂಲ ಪಠ್ಯವೊಂದೇ ಸಾಕೇ, ಕನ್ನಡ ಅನುವಾದವನ್ನು ನಂಬಿ ನಡೆಯಬಹುದೇ, ದಪ್ಪ ವ್ಯಾಖ್ಯಾನ ಗ್ರಂಥಕ್ಕೆ ಹಣ ಹಾಕಬೇಕೇ, ಕಪಾಟಿನಲ್ಲಿರುವ ಹಳೆಯ ದಂಡ ಸಂಹಿತೆಯ ಪುಸ್ತಕದಿಂದಲೇ ಕೆಲಸ ನಡೆಯುತ್ತದೆಯೇ? 1860ರ ಭಾರತೀಯ ದಂಡ ಸಂಹಿತೆ, 1973ರ ದಂಡ ಪ್ರಕ್ರಿಯಾ ಸಂಹಿತೆ ಮತ್ತು 1872ರ ಸಾಕ್ಷ್ಯ ಕಾಯ್ದೆಗಳ ಜಾಗಕ್ಕೆ 2024ರ ಜುಲೈ 1ರಿಂದ ಕ್ರಮವಾಗಿ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ ಬಂದ ಮೇಲೆ ಈ ಗೊಂದಲ ಇನ್ನಷ್ಟು ಹೆಚ್ಚಿದೆ. ಒಂದು ಪದದ ಅರ್ಥ ತಪ್ಪಾದರೆ ಒಬ್ಬ ಮನುಷ್ಯನ ಸ್ವಾತಂತ್ರ್ಯಕ್ಕೇ ಧಕ್ಕೆಯಾಗಬಹುದಾದ ಕ್ಷೇತ್ರವಿದು. ಆದ್ದರಿಂದ ಯಾವ ಮೂಲವನ್ನು ಯಾವುದಕ್ಕೆ ನೆಚ್ಚಬೇಕು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಅಳೆಯುವ ಮಾನದಂಡಗಳು

ಮೊದಲನೆಯ ಮಾನದಂಡ ಅಧಿಕಾರ: ನಾಳೆ ನ್ಯಾಯಾಧೀಶರ ಮುಂದೆ ಈ ಅರ್ಥವನ್ನು ಓದಿ ಹೇಳಿದರೆ ಅದಕ್ಕೆ ಕಟ್ಟುಬೀಳುವ ಬಲವಿದೆಯೇ? ಎರಡನೆಯದು ಸಂಪೂರ್ಣತೆ. ಕ್ರಿಮಿನಲ್ ಕಾನೂನಿನಲ್ಲಿ ಅರ್ಥವೆಂಬುದು ಒಂದು ಸಾಲಿನಲ್ಲಿ ಮುಗಿಯುವುದು ಅಪರೂಪ. ಕಲಮಿನ ಜೊತೆಗೆ ವಿವರಣೆ, ದೃಷ್ಟಾಂತ, ವಿನಾಯಿತಿ ಇವೆಲ್ಲ ಇರುತ್ತವೆ, ಅವು ಕೈಬಿಟ್ಟುಹೋದರೆ ಅರ್ಥವೇ ತಿರುಚಿಕೊಳ್ಳುತ್ತದೆ. ಮೂರನೆಯದು ಖರ್ಚು, ಸಮಯ ಮತ್ತು ಭಾಷೆ. ನಾಲ್ಕನೆಯದು ದಿನಾಂಕ. ಹೆಚ್ಚಿನವರು ಮರೆಯುವುದು ಇದನ್ನೇ, ಆದ್ದರಿಂದ ಇಲ್ಲಿ ಒಂದು ಉದಾಹರಣೆ ಕೊಡುವುದು ಅಗತ್ಯ.

ಹೊಡೆದಾಟದಲ್ಲಿ ಪೆಟ್ಟು ತಿಂದ ಒಬ್ಬರು ಹದಿನೇಳು ದಿನ ತಮ್ಮ ನಿತ್ಯದ ಕೆಲಸ ಮಾಡಲಾಗದೆ ಮಲಗಿದರು ಎಂದುಕೊಳ್ಳಿ. ಮೂಳೆ ಮುರಿದಿಲ್ಲ, ಹಲ್ಲು ಬಿದ್ದಿಲ್ಲ, ಕಣ್ಣು ಕಿವಿಗೆ ಹಾನಿಯಿಲ್ಲ. ಘಟನೆ 2024ರ ಜೂನ್ 30ರಂದು ನಡೆದಿದ್ದರೆ ದಂಡ ಸಂಹಿತೆಯ 320ನೇ ಕಲಮಿನ ಪ್ರಕಾರ ಅದು ತೀವ್ರ ಗಾಯವಾಗುವುದಿಲ್ಲ, ಏಕೆಂದರೆ ಅಲ್ಲಿ ಬೇಕಿದ್ದದ್ದು ಇಪ್ಪತ್ತು ದಿನ. ಮರುದಿನ ನಡೆದಿದ್ದರೆ ನ್ಯಾಯ ಸಂಹಿತೆಯ 116ನೇ ಕಲಂ ಅನ್ವಯಿಸುತ್ತದೆ. ಅಲ್ಲಿ ಹದಿನೈದು ದಿನವಾದರೆ ಸಾಕು, ಅದೇ ಪೆಟ್ಟು ತೀವ್ರ ಗಾಯವಾಗುತ್ತದೆ. ಸಾಧಾರಣ ಗಾಯಕ್ಕೆ ಗರಿಷ್ಠ ಒಂದು ವರ್ಷ, ತೀವ್ರ ಗಾಯಕ್ಕೆ ಗರಿಷ್ಠ ಏಳು ವರ್ಷ ಸೆರೆವಾಸ. ಮೊದಲನೆಯದರಲ್ಲಿ ಪೊಲೀಸರು ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆಗೆ ಇಳಿಯುವಂತಿಲ್ಲ, ಎರಡನೆಯದರಲ್ಲಿ ಇಳಿಯಬಹುದು. ಹಳೆಯ ಕಾಯ್ದೆ ರದ್ದಾಗಿದ್ದರೂ ಅದು ಜಾರಿಯಲ್ಲಿದ್ದಾಗ ನಡೆದ ಅಪರಾಧಗಳಿಗೆ ಅದೇ ಅನ್ವಯವೆಂದು ನ್ಯಾಯ ಸಂಹಿತೆಯ 358ನೇ ಕಲಂ ಉಳಿಸಿಕೊಂಡಿದೆ. ಆದ್ದರಿಂದ ಯಾವ ಪುಸ್ತಕ ತೆರೆಯಬೇಕೆಂಬುದನ್ನು ನಿರ್ಧರಿಸುವುದು ಘಟನೆಯ ದಿನಾಂಕ. ದೂರು ಕೊಟ್ಟ ದಿನವನ್ನೋ ನೋಟಿಸು ಬಂದ ದಿನವನ್ನೋ ನೋಡಿ ಪುಸ್ತಕ ಆರಿಸಬಾರದು.

ಕಾಯ್ದೆಯ ಮೂಲ ಪಠ್ಯ

ವಕೀಲರು ಬೇರ್ ಆಕ್ಟ್ ಎಂದು ಕರೆಯುವ, ಟೀಕೆ ಟಿಪ್ಪಣಿಗಳಿಲ್ಲದ ಕಾಯ್ದೆಯ ಪ್ರತಿಗೆ ಅಧಿಕಾರದ ಮಾನದಂಡದಲ್ಲಿ ಸರಿಸಾಟಿಯಿಲ್ಲ. ಕೇಂದ್ರ ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಅದು ಉಚಿತವಾಗಿ ಸಿಗುತ್ತದೆ. ಅಚ್ಚಾದ ಪ್ರತಿಯ ಬೆಲೆಯೂ ಹೆಚ್ಚಿನವರ ಕೈಗೆ ಎಟುಕುವಂಥದ್ದೇ. ಹಳೆಯ ದಂಡ ಸಂಹಿತೆಯಲ್ಲಿ 6ನೇ ಕಲಮಿನಿಂದ ಐವತ್ತರ ಆಚೆಯವರೆಗೆ ಹರಡಿದ್ದ ಸಾಮಾನ್ಯ ವ್ಯಾಖ್ಯೆಗಳನ್ನು ನ್ಯಾಯ ಸಂಹಿತೆ ತನ್ನ 2ನೇ ಕಲಮಿನಲ್ಲಿ ಮೂವತ್ತೊಂಬತ್ತು ಖಂಡಗಳಾಗಿ, ಇಂಗ್ಲಿಷ್ ಅಕಾರಾದಿಯಲ್ಲಿ, ಒಂದೆಡೆ ಕೂಡಿಸಿದೆ. ಹುಡುಕುವವರಿಗೆ ಇದು ದೊಡ್ಡ ಅನುಕೂಲ.

ಆದರೆ ಮೂಲ ಪಠ್ಯವನ್ನು ಓದುವುದಕ್ಕೆ ಒಂದು ಕ್ರಮವಿದೆ. ಒಂದು ವ್ಯಾಖ್ಯೆ ಇನ್ನೊಂದರ ಮೇಲೆ, ಅದು ಮತ್ತೊಂದರ ಮೇಲೆ ನಿಂತಿರುತ್ತದೆ. 303ನೇ ಕಲಮಿನ ಕಳವನ್ನೇ ತೆಗೆದುಕೊಳ್ಳಿ. ಯಾರದೋ ವಶದಲ್ಲಿರುವ ಚರ ಸ್ವತ್ತನ್ನು ಅವರ ಸಮ್ಮತಿಯಿಲ್ಲದೆ ಅಪ್ರಾಮಾಣಿಕವಾಗಿ ಒಯ್ಯುವ ಉದ್ದೇಶದಿಂದ, ಹಾಗೆ ಒಯ್ಯಲೆಂದು ಅದನ್ನು ಕದಲಿಸಿದರೆ ಕಳವು. ‘ಅಪ್ರಾಮಾಣಿಕವಾಗಿ’ ಎಂದರೇನೆಂದು ನೋಡಲು 2ನೇ ಕಲಮಿಗೆ ಹೋದರೆ, ಒಬ್ಬರಿಗೆ ಅಕ್ರಮ ಲಾಭ ಅಥವಾ ಇನ್ನೊಬ್ಬರಿಗೆ ಅಕ್ರಮ ನಷ್ಟ ಉಂಟುಮಾಡುವ ಉದ್ದೇಶ ಎಂದಿದೆ. ಅಕ್ರಮ ಲಾಭವೆಂದರೆ ಕಾನೂನಿನಂತೆ ತನಗೆ ಹಕ್ಕಿಲ್ಲದ ಸ್ವತ್ತನ್ನು ಕಾನೂನುಬಾಹಿರ ವಿಧಾನದಿಂದ ಪಡೆಯುವುದು. ಹೀಗೆ ಮೂರು ಮೆಟ್ಟಿಲು ಇಳಿದ ಮೇಲಷ್ಟೇ ಕಳವಿನ ಅರ್ಥ ಕೈಗೆ ಸಿಗುತ್ತದೆ.

ಇಳಿದರೆ ಸಿಗುವುದು ದಿನಬಳಕೆಯ ಅರ್ಥಕ್ಕಿಂತ ಎಷ್ಟು ಬೇರೆ ಎಂಬುದಕ್ಕೆ ಕಾಯ್ದೆಯಲ್ಲಿಯೇ ಇರುವ ಗಡಿಯಾರದ ದೃಷ್ಟಾಂತಗಳನ್ನು ಓದಬೇಕು. ಸರಿಪಡಿಸಲು ಕೊಟ್ಟ ಗಡಿಯಾರವನ್ನು ಅದರ ಒಡೆಯ ಅಂಗಡಿಗೆ ರಾಜಾರೋಷವಾಗಿ ನುಗ್ಗಿ ಬಲವಂತದಿಂದ ಕಿತ್ತುಕೊಂಡು ಹೋಗುತ್ತಾನೆ. ಅವನು ಅಂಗಡಿಯವನಿಗೆ ಏನೂ ಬಾಕಿ ಕೊಡಬೇಕಿಲ್ಲದಿದ್ದರೆ ಅದು ಅತಿಕ್ರಮ ಪ್ರವೇಶವೋ ಹಲ್ಲೆಯೋ ಆದೀತು, ಕಳವಾಗದು. ಅಲ್ಲಿ ಅಪ್ರಾಮಾಣಿಕತೆ ಇಲ್ಲ. ಆದರೆ ದುರಸ್ತಿಯ ಹಣ ಬಾಕಿಯಿದ್ದು, ಅದಕ್ಕೆ ಭದ್ರತೆಯಾಗಿ ಅಂಗಡಿಯವನು ಕಾನೂನುಬದ್ಧವಾಗಿ ಗಡಿಯಾರವನ್ನು ಇಟ್ಟುಕೊಂಡಿದ್ದಾಗ, ಆ ಭದ್ರತೆಯನ್ನು ತಪ್ಪಿಸುವ ಉದ್ದೇಶದಿಂದ ಒಡೆಯ ಅದನ್ನು ಒಯ್ದರೆ ಅವನು ತನ್ನದೇ ಗಡಿಯಾರವನ್ನು ಕದ್ದಂತಾಗುತ್ತದೆ. ಒಡೆತನಕ್ಕಿಂತ ವಶದಲ್ಲಿರುವುದೇ ಇಲ್ಲಿ ಮುಖ್ಯ ಎಂಬುದನ್ನು ಯಾವ ಸಂಕ್ಷಿಪ್ತ ಟಿಪ್ಪಣಿಯೂ ಇಷ್ಟು ಚೆನ್ನಾಗಿ ಹೇಳಲಾರದು. ದೃಷ್ಟಾಂತಗಳನ್ನು ಕತ್ತರಿಸಿ ಬರಿಯ ಕಲಮನ್ನಷ್ಟೇ ಕೊಡುವ ಕೈಪಿಡಿಗಳನ್ನು ನಾನು ಶಿಫಾರಸು ಮಾಡದಿರುವುದಕ್ಕೆ ಕಾರಣ ಇದೇ.

ಮೂಲ ಪಠ್ಯದಲ್ಲಿ ಗಮನಿಸಬೇಕಾದ ಇನ್ನೆರಡು ಸಂಗತಿಗಳಿವೆ. ವ್ಯಾಖ್ಯೆಯೊಂದು ‘ಎಂದರೆ’ ಎಂದು ಹೇಳಿದ್ದರೆ ಪಟ್ಟಿ ಅಲ್ಲಿಗೆ ಮುಗಿಯಿತು. ‘ಒಳಗೊಳ್ಳುತ್ತದೆ’ ಎಂದಿದ್ದರೆ ಪದದ ಸಾಮಾನ್ಯ ಅರ್ಥವೂ ಉಳಿದು, ಅದರ ಮೇಲೆ ಹೆಚ್ಚುವರಿ ಸೇರಿದೆ. ಜೊತೆಗೆ 3ನೇ ಕಲಂ ಹೇಳುವಂತೆ, ಸಂಹಿತೆಯ ಪ್ರತಿಯೊಂದು ಅಪರಾಧದ ವ್ಯಾಖ್ಯೆಯನ್ನೂ ಸಾಮಾನ್ಯ ವಿನಾಯಿತಿಗಳ ಅಧ್ಯಾಯಕ್ಕೆ ಒಳಪಟ್ಟೇ ಓದಬೇಕು. ಏಳು ವರ್ಷಕ್ಕಿಂತ ಕಡಿಮೆ ವಯಸ್ಸಿನ ಮಗು ಮಾಡಿದ್ದು ಅಪರಾಧವಲ್ಲ ಎಂದು ಕಳವಿನ ಕಲಂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಅದನ್ನು 20ನೇ ಕಲಂ ಎಲ್ಲ ಅಪರಾಧಗಳಿಗೂ ಸೇರಿಸಿ ಹೇಳಿಬಿಟ್ಟಿದೆ.

ನೆರೆಯ ಕಾಯ್ದೆಗಳು

ಹುಡುಕಿದ ಪದ 2ನೇ ಕಲಮಿನಲ್ಲಿ ಸಿಗದಿದ್ದರೆ ಕೈಚೆಲ್ಲಬೇಕಿಲ್ಲ. ನ್ಯಾಯ ಸಂಹಿತೆ ಶಿಕ್ಷೆಗಳ ಪಟ್ಟಿಗೆ ಸಮುದಾಯ ಸೇವೆಯನ್ನು ಸೇರಿಸಿದೆ, ಆದರೆ ಅದೇನೆಂದು ತಾನು ಹೇಳಿಲ್ಲ. ಅಪರಾಧಿಯಿಂದ ಸಮುದಾಯಕ್ಕೆ ಉಪಯೋಗವಾಗುವಂತೆ, ಸಂಬಳವಿಲ್ಲದೆ, ನ್ಯಾಯಾಲಯ ಮಾಡಿಸುವ ಕೆಲಸ ಎಂಬ ವಿವರಣೆ ಸಿಗುವುದು ನಾಗರಿಕ ಸುರಕ್ಷಾ ಸಂಹಿತೆಯ 23ನೇ ಕಲಮಿನಲ್ಲಿ. ಸಂಜ್ಞೇಯ ಅಪರಾಧ (ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದದ್ದು), ಜಾಮೀನೀಯ ಅಪರಾಧ, ತನಿಖೆ, ವಿಚಾರಣೆ, ದೂರು ಇವೆಲ್ಲವೂ ಆ ಸಂಹಿತೆಯ 2ನೇ ಕಲಮಿನಲ್ಲಿವೆ. ಹಳೆಯ ಪ್ರಕ್ರಿಯಾ ಸಂಹಿತೆ ಹೇಳದೆ ಬಿಟ್ಟಿದ್ದ ಜಾಮೀನಿಗೂ ಈಗ ಅಲ್ಲಿ ವ್ಯಾಖ್ಯೆಯಿದೆ.

ನೆರೆಯ ಕಾಯ್ದೆಗಳನ್ನು ಬಳಸುವಾಗ ಅಪಾಯವೂ ಉಂಟು. ಸದ್ಭಾವನೆ ಎಂಬ ಪದಕ್ಕೆ 1897ರ ಸಾಮಾನ್ಯ ಖಂಡಗಳ ಕಾಯ್ದೆಯಲ್ಲಿ ಒಂದು ಅರ್ಥವಿದೆ: ಪ್ರಾಮಾಣಿಕವಾಗಿ ಮಾಡಿದ್ದರೆ ಸಾಕು, ಅಜಾಗರೂಕತೆ ಇತ್ತೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ನ್ಯಾಯ ಸಂಹಿತೆಯ ವ್ಯಾಖ್ಯೆ ಇದಕ್ಕೆ ನೇರ ವಿರುದ್ಧ: ತಕ್ಕ ಎಚ್ಚರಿಕೆ ಮತ್ತು ಗಮನವಿಲ್ಲದೆ ಮಾಡಿದ್ದನ್ನು ಸದ್ಭಾವನೆಯಿಂದ ಮಾಡಿದ್ದೆಂದು ಹೇಳಲಾಗದು. ಸೀಸೆಯ ಮೇಲಿನ ಚೀಟಿಯನ್ನೂ ಓದದೆ, ನೋವು ನೀಗಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಔಷಧಿ ಕುಡಿಸಿದವರು ಮೊದಲ ಅರ್ಥದಲ್ಲಿ ಸದ್ಭಾವನೆಯ ರಕ್ಷಣೆ ಪಡೆಯಬಹುದು, ಎರಡನೆಯದರಲ್ಲಿ ಪಡೆಯಲಾರರು. ನ್ಯಾಯ ಸಂಹಿತೆಯ ಆರೋಪವಿದ್ದಾಗ ಅದರದೇ ವ್ಯಾಖ್ಯೆ ಗೆಲ್ಲುತ್ತದೆ. ಸ್ವಂತ ವ್ಯಾಖ್ಯೆಯಿಲ್ಲದ ಬೇರೆ ಕೇಂದ್ರ ಕಾಯ್ದೆಯಾದರೆ 1897ರ ಕಾಯ್ದೆಯ ಕಡೆ ನೋಡಬೇಕು. ಯಾವ ಕಾಯ್ದೆಯ ಕಲಂ ಹಾಕಿದ್ದಾರೆ ಎಂಬುದನ್ನು ಮೊದಲು ಗುರುತಿಸದೆ ಪದದ ಅರ್ಥಕ್ಕೆ ಕೈಹಾಕಬಾರದು.

ಕಾಯ್ದೆ ಮೌನವಾಗಿದ್ದರೆ: ತೀರ್ಪುಗಳು

ಕ್ರಿಮಿನಲ್ ಕಾನೂನಿನ ಅತ್ಯಂತ ಮೂಲಭೂತ ಪದಗಳಲ್ಲಿ ಹಲವಕ್ಕೆ ಕಾಯ್ದೆಯಲ್ಲಿ ವ್ಯಾಖ್ಯೆಯೇ ಇಲ್ಲ ಎಂಬುದು ಹೊಸಬರಿಗೆ ಆಶ್ಚರ್ಯದ ಸಂಗತಿ. ಉದ್ದೇಶ, ನಿರ್ಲಕ್ಷ್ಯ, ವಶ, ಬಂಧನ, ತಪ್ಪೊಪ್ಪಿಗೆ ಇವಕ್ಕೆ ಮೂರೂ ಹೊಸ ಕಾಯ್ದೆಗಳ 2ನೇ ಕಲಮುಗಳಲ್ಲಿ ಜಾಗವಿಲ್ಲ. ತಪ್ಪೊಪ್ಪಿಗೆ ಎಂದು ಕರೆಸಿಕೊಳ್ಳಬೇಕಾದರೆ ಹೇಳಿಕೆಯು ಅಪರಾಧವನ್ನೇ ಅಥವಾ ಅಪರಾಧವಾಗಲು ಬೇಕಾದ ಬಹುತೇಕ ಎಲ್ಲ ಸಂಗತಿಗಳನ್ನೂ ಒಪ್ಪಿಕೊಂಡಿರಬೇಕು ಎಂದು ಹೇಳಿದ್ದು 1939ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷ್ ಕಾಲದಲ್ಲಿ ಲಂಡನ್ನಿನಲ್ಲಿದ್ದ ಅಂತಿಮ ಮೇಲ್ಮನವಿ ನ್ಯಾಯಪೀಠ), ಪಾಕಲ ನಾರಾಯಣ ಸ್ವಾಮಿ ಪ್ರಕರಣದಲ್ಲಿ. ಕಾಯ್ದೆ ಬದಲಾದರೂ ಹೊಸ ಸಾಕ್ಷ್ಯ ಅಧಿನಿಯಮ ಈ ಪದಕ್ಕೆ ವ್ಯಾಖ್ಯೆ ಕೊಟ್ಟಿಲ್ಲ.

ವ್ಯಾಖ್ಯೆ ಇದ್ದೂ ಇಲ್ಲದಂತಿರುವ ಪದಗಳೂ ಇವೆ. ‘ವಂಚನಾಪೂರ್ವಕವಾಗಿ’ ಎಂಬುದಕ್ಕೆ ಕಾಯ್ದೆ ಕೊಡುವ ಅರ್ಥ, ವಂಚಿಸುವ ಉದ್ದೇಶದಿಂದ ಮಾಡಿದ್ದು, ಬೇರೆ ರೀತಿಯಲ್ಲಲ್ಲ ಎಂಬಷ್ಟೇ. ವಂಚಿಸುವುದೆಂದರೇನು ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟು ಡಾ. ವಿಮ್ಲಾ ಪ್ರಕರಣದಲ್ಲಿ ಉತ್ತರ ಕೊಟ್ಟಿತು. ತಾಯಿಯೊಬ್ಬರು ತಮ್ಮ ಎಳೆಯ ಮಗಳ ಹೆಸರಿನಲ್ಲಿ ಕಾರು ಕೊಂಡು, ವಿಮೆಯ ಕಾಗದಗಳಿಗೆ ಮಗಳ ಹೆಸರಿನಲ್ಲಿಯೇ ಸಹಿ ಹಾಕಿದ್ದರು. ಮೋಸದ ಮಾತು ಅಲ್ಲಿ ಇತ್ತು, ಆದರೆ ಅದರಿಂದ ಅವರಿಗೆ ಲಾಭವೂ ಆಗಿರಲಿಲ್ಲ, ವಿಮಾ ಕಂಪನಿಗೆ ನಷ್ಟವೂ ಆಗಿರಲಿಲ್ಲ. ವಂಚನೆಗೆ ಮೋಸ ಮತ್ತು ಹಾನಿ ಎರಡೂ ಬೇಕು ಎಂದು ಹೇಳಿದ ನ್ಯಾಯಾಲಯ ಅವರನ್ನು ನಿರ್ದೋಷಿಯೆಂದು ಬಿಟ್ಟಿತು. ಕಾಯ್ದೆಯ ಒಂದು ಸಾಲನ್ನು ಎಷ್ಟು ಸಲ ಓದಿದರೂ ಈ ಅರ್ಥ ಹೊರಡುತ್ತಿರಲಿಲ್ಲ.

ಅಧಿಕಾರದ ವಿಷಯದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ದೇಶದ ಎಲ್ಲ ನ್ಯಾಯಾಲಯಗಳನ್ನೂ ಕಟ್ಟಿಹಾಕುತ್ತದೆ. 2023ರಲ್ಲಿ ಆರಂಭವಾದ, ಸುಪ್ರೀಂ ಕೋರ್ಟಿನದೇ ಆದ ಇ-ಎಸ್‌ಸಿಆರ್ ಜಾಲತಾಣದಲ್ಲಿ ವರದಿಯಾದ ತೀರ್ಪುಗಳು ಉಚಿತ, ಕೆಲವಕ್ಕೆ ಕನ್ನಡ ಅನುವಾದವೂ ಇದೆ. ತೀರ್ಪುಗಳ ನಿಜವಾದ ಬೆಲೆ ಹಣದಲ್ಲಿಲ್ಲ, ಸಮಯದಲ್ಲಿದೆ. ಉದ್ದ ಹೆಚ್ಚು, ಮತ್ತು ಓದಿದ ತೀರ್ಪು ಇನ್ನೂ ಬಾಳುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಸಾರ್ವಜನಿಕ ಸೇವಕ ಎಂಬ ಪದದ ಕಥೆ ಇದಕ್ಕೆ ಸಾಕ್ಷಿ. ಶಾಸಕರು ದಂಡ ಸಂಹಿತೆಯ ಅರ್ಥದಲ್ಲಿ ಸಾರ್ವಜನಿಕ ಸೇವಕರಲ್ಲ ಎಂದು 1984ರಲ್ಲಿ ಅಂತುಳೆ ಪ್ರಕರಣದಲ್ಲಿ ತೀರ್ಪಾಯಿತು. 1988ರ ಭ್ರಷ್ಟಾಚಾರ ತಡೆ ಕಾಯ್ದೆ ಅದೇ ಪದವನ್ನು ಇನ್ನಷ್ಟು ಅಗಲವಾಗಿ ವ್ಯಾಖ್ಯಾನಿಸಿತು, ಮತ್ತು ಆ ಕಾಯ್ದೆಯ ಮಟ್ಟಿಗೆ ಸಂಸದರು ಸಾರ್ವಜನಿಕ ಸೇವಕರೇ ಎಂದು 1998ರಲ್ಲಿ ನರಸಿಂಹ ರಾವ್ ಪ್ರಕರಣದಲ್ಲಿ ತೀರ್ಮಾನವಾಯಿತು. 2024ರ ಮಾರ್ಚಿನಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಈ ಎರಡನೆಯ ತೀರ್ಪಿನ ಇನ್ನೊಂದು ಭಾಗವನ್ನು, ಲಂಚ ಪಡೆದು ಸದನದಲ್ಲಿ ಮತ ಹಾಕಿದವರಿಗೆ ಕೊಟ್ಟಿದ್ದ ರಕ್ಷಣೆಯನ್ನು, ತಳ್ಳಿಹಾಕಿತು. ಒಂದೇ ತೀರ್ಪಿನಲ್ಲಿ ಒಂದು ಭಾಗ ಬಿದ್ದರೂ ಇನ್ನೊಂದು ಉಳಿಯಬಹುದಾದ್ದರಿಂದ, ತಲೆಟಿಪ್ಪಣಿ (ತೀರ್ಪಿನ ಆರಂಭದಲ್ಲಿ ಕೊಡುವ ಸಾರಾಂಶ) ಓದಿ ಮುಗಿಸುವವರಿಗೆ ತೀರ್ಪುಗಳು ಕಾಯ್ದೆಗಿಂತ ಹೆಚ್ಚು ಅಪಾಯಕಾರಿ.

ಕನ್ನಡ ಅನುವಾದ

ಇಂಗ್ಲಿಷಿನಲ್ಲಿ ಓದಲು ತೊಡಕಾಗುವವರಿಗೆ ಇದು ಸಹಜ ಆಯ್ಕೆ, ಮತ್ತು ಅದರಲ್ಲಿ ಸಂಕೋಚಪಡಬೇಕಾದ್ದೇನೂ ಇಲ್ಲ. ಆದರೆ ಎರಡು ಬಗೆಯ ಅನುವಾದಗಳನ್ನು ಬೇರೆ ಮಾಡಿಕೊಳ್ಳಬೇಕು. 1973ರ ಅಧಿಕೃತ ಪಠ್ಯಗಳ ಕಾಯ್ದೆಯಂತೆ, ರಾಷ್ಟ್ರಪತಿಗಳ ಅಧಿಕಾರದಡಿ ರಾಜಪತ್ರದಲ್ಲಿ ಪ್ರಕಟವಾದ ಪ್ರಾದೇಶಿಕ ಭಾಷೆಯ ಅನುವಾದವನ್ನು ಆ ಭಾಷೆಯ ಅಧಿಕೃತ ಪಠ್ಯವೆಂದೇ ಪರಿಗಣಿಸಲಾಗುತ್ತದೆ. ಖಾಸಗಿ ಪ್ರಕಾಶಕರ ಅನುವಾದಕ್ಕೆ ಈ ಸ್ಥಾನವಿಲ್ಲ. ಒಬ್ಬೊಬ್ಬರು ಒಂದೊಂದು ಪದ ಬಳಸುವುದರಿಂದ ಎರಡು ಪುಸ್ತಕ ಓದಿದವರಿಗೆ ಎರಡು ಬೇರೆ ಅಪರಾಧಗಳೆಂಬ ಭ್ರಮೆಯೂ ಆದೀತು. ಉಚ್ಚ ನ್ಯಾಯಾಲಯ ಮತ್ತು ಸುಪ್ರೀಂ ಕೋರ್ಟಿನ ಕಲಾಪ ಸಂವಿಧಾನದ 348ನೇ ವಿಧಿಯಂತೆ ಇಂಗ್ಲಿಷಿನಲ್ಲಿ ನಡೆಯುವ ಕಾರಣ, ಮೇಲ್ಮನವಿಯವರೆಗೆ ಹೋಗಬಹುದಾದ ವಿಷಯದಲ್ಲಿ ಕನ್ನಡದ ಪಠ್ಯದ ಜೊತೆಗೆ ಇಂಗ್ಲಿಷಿನ ಕಲಮನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಎರಡೂ ಪಠ್ಯಗಳನ್ನು ಎದುರುಬದುರು ಅಚ್ಚುಮಾಡಿದ ದ್ವಿಭಾಷಾ ಪ್ರತಿ ಸಿಕ್ಕರೆ, ತುಸು ಹೆಚ್ಚು ಬೆಲೆಯಾದರೂ, ಕನ್ನಡ ಓದುಗರಿಗೆ ನಾನು ಅದನ್ನೇ ಹೇಳುವೆ.

ವ್ಯಾಖ್ಯಾನ ಗ್ರಂಥ, ನಿಘಂಟು, ಹಳೆಯ ಪುಸ್ತಕ

ವ್ಯಾಖ್ಯಾನ ಗ್ರಂಥಗಳು ಕಲಂ, ಅದರ ಇತಿಹಾಸ, ಅದರ ಮೇಲಿನ ತೀರ್ಪುಗಳನ್ನು ಒಂದೆಡೆ ಕಟ್ಟಿಕೊಡುತ್ತವೆ. ನ್ಯಾಯಾಲಯ ಇವುಗಳ ಮಾತಿಗೆ ಕಟ್ಟುಬಿದ್ದಿಲ್ಲ, ಆದರೆ ದಾರಿ ತೋರಿಸುವುದರಲ್ಲಿ ಇವಕ್ಕೆ ಸಮ ಬೇರೆಯಿಲ್ಲ. ಹಲವು ಸಂಪುಟಗಳ ಗ್ರಂಥಕ್ಕೆ ಸಾವಿರಾರು ರೂಪಾಯಿ ಬೇಕು. ದಿನವೂ ವಕಾಲತ್ತು ನಡೆಸುವವರಿಗಷ್ಟೇ ಆ ಖರ್ಚು ಸಲ್ಲುತ್ತದೆ. ವಿದ್ಯಾರ್ಥಿಗಳು ಕಾಲೇಜಿನ ಗ್ರಂಥಾಲಯದ ಪ್ರತಿ ಬಳಸಿ, ತಮ್ಮ ಹಣವನ್ನು ಒಳ್ಳೆಯ ಬೇರ್ ಆಕ್ಟಿಗೆ ಇಡುವುದು ಲೇಸು. ಕೊಳ್ಳುವುದೇ ಆದರೆ ಹೊಸ ಸಂಹಿತೆಯ ಕಲಮನ್ನೇ ತೆಗೆದುಕೊಂಡು ಚರ್ಚಿಸಿದೆಯೇ, ಅಥವಾ ಹಳೆಯ ಟಿಪ್ಪಣಿಗೆ ಹೊಸ ಸಂಖ್ಯೆಯನ್ನಷ್ಟೇ ಅಂಟಿಸಿದೆಯೇ ಎಂದು ನೋಡಿ. ಪರೀಕ್ಷಿಸಲು ಸುಲಭದ ದಾರಿಯಿದೆ: ಚರ ಸ್ವತ್ತಿನ ಪುಟ ತೆರೆಯಿರಿ. ದಂಡ ಸಂಹಿತೆಯ 22ನೇ ಕಲಮಿನಲ್ಲಿ ಅದು ಭೌತಿಕ ರೂಪವಿರುವ ಸ್ವತ್ತು ಮಾತ್ರ. ಹೊಸ ವ್ಯಾಖ್ಯೆ ಆ ವಿಶೇಷಣವನ್ನು ಕೈಬಿಟ್ಟು, ಭೂಮಿ ಮತ್ತು ಅದಕ್ಕೆ ಅಂಟಿಕೊಂಡ ವಸ್ತುಗಳನ್ನು ಬಿಟ್ಟು ಎಲ್ಲ ಬಗೆಯ ಸ್ವತ್ತನ್ನೂ ಒಳಗೊಳ್ಳುತ್ತದೆ. ಕೈಯಿಂದ ಮುಟ್ಟಲಾಗದ ಸ್ವತ್ತಿನ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಇದನ್ನು ಚರ್ಚಿಸದ ಗ್ರಂಥ ಹೊಸ ಕಾಯ್ದೆಯ ಗ್ರಂಥವಲ್ಲ.

ಕಾನೂನು ನಿಘಂಟು ಪದದ ಪರಿಚಯಕ್ಕೆ, ಕನ್ನಡ ಸಮಾನಪದ ಹುಡುಕಲು ಸಾಕು. ಅದಕ್ಕಿಂತ ಮುಂದೆ ಅದನ್ನು ನೆಚ್ಚಬಾರದು. ಸಾಮಾನ್ಯ ನಿಘಂಟಂತೂ ‘ಸ್ವ ಇಚ್ಛೆಯಿಂದ’ ಎಂಬಂಥ ಪದದಲ್ಲಿ ನೇರವಾಗಿ ದಾರಿ ತಪ್ಪಿಸುತ್ತದೆ. ದರೋಡೆಗೆ ಅನುಕೂಲವಾಗಲೆಂದು ರಾತ್ರಿ ಜನವಸತಿಯ ಮನೆಗೆ ಬೆಂಕಿಯಿಟ್ಟವನು ಒಬ್ಬರ ಸಾವನ್ನು ಬಯಸದೇ ಇದ್ದರೂ, ಅದಕ್ಕಾಗಿ ಮರುಗಿದರೂ, ಸಾವು ಸಂಭವಿಸಬಹುದೆಂದು ತಿಳಿದಿದ್ದರೆ ಕಾನೂನಿನ ದೃಷ್ಟಿಯಲ್ಲಿ ಅದನ್ನು ಸ್ವ ಇಚ್ಛೆಯಿಂದಲೇ ಉಂಟುಮಾಡಿದ್ದಾನೆ. ಇನ್ನು ಹಳೆಯ ದಂಡ ಸಂಹಿತೆಯ ಪುಸ್ತಕವನ್ನು ಎಸೆಯಬೇಡಿ. 2024ರ ಜುಲೈಗೆ ಮುಂಚಿನ ಘಟನೆಗಳ ಪ್ರಕರಣಗಳು ಇನ್ನೂ ಬಹುಕಾಲ ನಡೆಯುತ್ತವೆ, ಹಳೆಯ ತೀರ್ಪುಗಳೂ ಹಳೆಯ ಸಂಖ್ಯೆಯಲ್ಲಿಯೇ ಮಾತಾಡುತ್ತವೆ. ಹಳೆ-ಹೊಸ ಕಲಮುಗಳ ಹೋಲಿಕೆ ಕೋಷ್ಟಕ ಸಂಖ್ಯೆಯನ್ನು ಹೊಂದಿಸಲು ಉಪಯುಕ್ತ; ಒಳಗಿನ ಮಾತು ಬದಲಾಗಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. 320ರ ಎದುರು 116 ಎಂದು ಬರೆದಿರುತ್ತದೆ, ಇಪ್ಪತ್ತು ಹದಿನೈದಾದದ್ದು ಅಲ್ಲಿ ಕಾಣದು.

ಯಾರಿಗೆ ಯಾವುದು

ಪರೀಕ್ಷೆಗೆ ಓದುವವರು ದೃಷ್ಟಾಂತಗಳಿರುವ ಬೇರ್ ಆಕ್ಟ್ ಕೊಂಡು, ವ್ಯಾಖ್ಯೆಯಿಲ್ಲದ ಪದಗಳಿಗೆ ಮಾತ್ರ ಕೆಲವು ಮುಖ್ಯ ತೀರ್ಪುಗಳನ್ನು ಪೂರ್ತಿಯಾಗಿ ಓದಿಕೊಂಡರೆ ಕಡಿಮೆ ಖರ್ಚಿನಲ್ಲಿ ಗಟ್ಟಿ ತಳಹದಿ ಸಿಗುತ್ತದೆ. ವರದಿಗಾರರಿಗೆ ಅವಸರವಿರುತ್ತದೆ, ಅವರು ಘಟನೆಯ ದಿನಾಂಕ ಮತ್ತು ಎಫ್‌ಐಆರಿನ ಕಲಂ ನೋಡಿ, ಇಂಡಿಯಾ ಕೋಡಿನಲ್ಲಿ ಅದೇ ಕಲಮನ್ನು ವಿವರಣೆಯ ಸಮೇತ ಓದುವ ಹತ್ತು ನಿಮಿಷವನ್ನು ಉಳಿಸಬಾರದು. ಕುತೂಹಲದಿಂದ ತಿಳಿಯಬಯಸುವವರಿಗೆ ದ್ವಿಭಾಷಾ ಪ್ರತಿ ಸಾಕು.

ತಮ್ಮ ಮೇಲೋ ತಮ್ಮವರ ಮೇಲೋ ಪ್ರಕರಣ ಇರುವವರ ಲೆಕ್ಕ ಬೇರೆ. ಅವರು ಕಾಯ್ದೆಯನ್ನು ಓದಬೇಕು, ವಕೀಲರಿಗೆ ಸರಿಯಾದ ಪ್ರಶ್ನೆ ಕೇಳಲು ಅದು ನೆರವಾಗುತ್ತದೆ; ಆದರೆ ಓದಿದ ಅರ್ಥವನ್ನೇ ನಂಬಿ ಠಾಣೆಯಲ್ಲಿ ಹೇಳಿಕೆ ಕೊಡುವುದು, ವಾಯಿದೆಗೆ ಗೈರಾಗುವುದು ಮಾಡಬಾರದು. ಹಣದ ಅಡಚಣೆಯಿದ್ದರೂ ದಾರಿಯಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಮೊದಲಾದವರು ಉಚಿತ ಕಾನೂನು ನೆರವಿಗೆ ಅರ್ಹರು. ಉಳಿದವರಿಗೆ ಆದಾಯದ ಮಿತಿಯಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ಹೋಗುವಾಗ ಎಫ್‌ಐಆರ್ ಪ್ರತಿ, ಘಟನೆಯ ದಿನಾಂಕ, ಗಾಯವಾಗಿದ್ದರೆ ವೈದ್ಯರ ಪ್ರಮಾಣಪತ್ರ, ಮತ್ತು ಅರ್ಥವಾಗದ ಪದದ ಕೆಳಗೆ ಗೆರೆ ಎಳೆದ ಕಲಮಿನ ಪ್ರತಿ ಜೊತೆಯಲ್ಲಿರಲಿ.